ಎಡಗಡೆಯ ಪದಕಗಳು

ದೆವ್ವ, ಮಾಟ ಅಂತ ಯಾರಾದರೂ ಶುರು ಮಾಡಿದರೆ ಅವರ ಬಾಯಿ ಮುಚ್ಚಿಸುವುದೇ ನನ್ನ ಕೆಲಸವಾಗಿತ್ತು. ಮಾನ್ವಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿದವಳು ನಾನು. ನಮ್ಮದು ಬುದ್ಧವಂದನೆ ಹೇಳುವ ಮನೆ. ನಿಂಬೆಹಣ್ಣು, ತಾಯತ ಯಾವುದೂ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಅಂಥವಳು ಈಗ ಹೇಳುವುದನ್ನು ಕೇಳಿ ನೀವು ನಗಬಹುದು. ನಕ್ಕರೆ ನಗಿ. ಆದದ್ದನ್ನು ಆಗಲಿಲ್ಲ ಅಂದರೆ ಅದೂ ಸುಳ್ಳೇ ಆಗುತ್ತದೆ.

ನನ್ನ ಗಂಡ ಸೈನ್ಯದಲ್ಲಿ ಹವಾಲ್ದಾರರಾಗಿದ್ದರು. ನಿವೃತ್ತಿಯಾಗಿ ಬಂದು, ನೆಮ್ಮದಿಯಿಂದ ಕೂತು ಚಹಾ ಕುಡಿಯುವ ಕಾಲಕ್ಕೆ ಎದೆನೋವು ಬಂದು ಹೋಗಿಬಿಟ್ಟರು. ನಮ್ಮ ಕಡೆಯ ಮಾಜಿ ಸೈನಿಕರ ಸಂಘವೊಂದು ವರ್ಷಕ್ಕೊಮ್ಮೆ ರಾಯಚೂರಿನಲ್ಲಿ ಸಮ್ಮೇಳನ ಮಾಡುತ್ತದೆ. ಗಂಡ ಸತ್ತ ಮೇಲೆ ನಮ್ಮಂಥ ಹೆಂಗಸರೂ ಅದರ ಸದಸ್ಯರೇ. ಆದರೆ ಆಗ ನಮಗೆ ಮತವೂ ಇರಲಿಲ್ಲ, ಮಾತೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕೂಡಬೇಕು, ಹೆಸರು ಕರೆದಾಗ ವೇದಿಕೆ ಹತ್ತಿ ಸೀರೆ ತೆಗೆದುಕೊಳ್ಳಬೇಕು, ಕೈ ಮುಗಿದು ಇಳಿಯಬೇಕು. ನಮ್ಮ ಔಷಧಿ, ನಮ್ಮ ಮಕ್ಕಳ ಓದು, ನಮ್ಮ ಪಿಂಚಣಿಯ ತಕರಾರು ಎಲ್ಲವನ್ನೂ ನಮ್ಮನ್ನು ಕೇಳದೆ ಮುಂದಿನ ಸಾಲಿನವರೇ ತೀರ್ಮಾನಿಸುತ್ತಿದ್ದರು. ಸೀರೆ ಮಾತ್ರ ಪ್ರತಿವರ್ಷ ಅದೇ ಹಸಿರು.

ಆ ವರ್ಷ ಸಮ್ಮೇಳನದ ತಯಾರಿಗೆ ದೇವದುರ್ಗದಲ್ಲಿ ಸಭೆ ಸೇರಿತ್ತು. ಯಾವ ಊರಿಗೆ ಎಷ್ಟು ಕ್ರೂಸರ್ ಗಾಡಿ, ಊಟಕ್ಕೆ ಹುಗ್ಗಿಯೋ ಶಿರಾವೋ ಎಂಬ ಚರ್ಚೆ ಜೋರಾಗಿ ನಡೆದಿತ್ತು. ನಾನು ಎದ್ದು ನಿಂತು, ವಿಧವೆಯರಿಗೂ ಮತ ಬೇಕು, ಸಮ್ಮೇಳನದಲ್ಲಿ ಹಾಗಂತ ಠರಾವು ಮಂಡಿಸುತ್ತೇನೆ ಅಂದೆ. ಹುಗ್ಗಿಯ ಮಾತು ಅಲ್ಲಿಗೇ ನಿಂತಿತು.

“ಮೇಡಮ್ಮರ, ಇದು ಫೌಜಿಗಳ ಸಂಘ ಅದರೀ,” ಅಂದರು ಅಧ್ಯಕ್ಷರು. “ಎದಿ ಮ್ಯಾಲೆ ಪದಕ ಇದ್ದವರು ಇಲ್ಲಿ ಮಾತಾಡ್ತಾರ. ನೀವು ಸಾಲ್ಯಾಗ ಮಾತಾಡ್ರಿ.”

“ಪದಕ ಬೇಕೇನ್ರಿ? ಹಾಕ್ಕೊಂಡೇ ಬರ್ತೀನಿ.”

ಅಧ್ಯಕ್ಷರಿಗೆ ನಗು ಬಂತು. ಮೂಲೆಯಲ್ಲಿ ಕೂತಿದ್ದ ಹಿರಿಯ ಸುಬೇದಾರರು ಮಾತ್ರ ನಗಲಿಲ್ಲ. “ಹಾಕ್ಕೋಬಹುದವ್ವಾ, ಹಂಗ ಕಾಯ್ದೆ ಅದ. ಆದರ ಸತ್ತವರ ಪದಕ ಮನಿಯವರು ಬಲಕ್ಕ ಹಾಕಬೇಕು. ಎಡಗಡಿ ಗಳಿಸಿದವರ ಜಾಗ,” ಅಂದರು.

“ಕೇಳಿದ್ರಲ್ಲ,” ಅಂದರು ಅಧ್ಯಕ್ಷರು. “ಕಾಯ್ದೆ ತಪ್ಪಿದ್ರ ಮೈಕ್ ಕೊಡಂಗಿಲ್ಲ.”

ಎಡವೋ ಬಲವೋ, ನನಗೆ ಮೈಕು ಸಿಕ್ಕರೆ ಸಾಕಾಗಿತ್ತು. ಒಪ್ಪಿಕೊಂಡು ಬಂದೆ.

ಸಮ್ಮೇಳನದ ಹಿಂದಿನ ದಿನ ಗೂಗಲ್ ಎಂಬ ಊರಿನ ಶರಣವ್ವ ನಮ್ಮ ಮನೆಗೆ ಬಂದಳು. ಕುರಿ ಸಾಕುವ ಮನೆತನದವಳು. ಅವಳ ಗಂಡನೂ ಸೈನ್ಯದಲ್ಲಿದ್ದವನು, ಅವನೂ ಈಗಿಲ್ಲ. ಬೆಳಿಗ್ಗೆ ಇಬ್ಬರೂ ಕೂಡಿ ರಾಯಚೂರಿಗೆ ಹೋಗುವುದೆಂದು ಮಾತಾಗಿತ್ತು. ನಮ್ಮವರ ನೀಲಿ ಕೋಟನ್ನು ನಾನು ಆಗಲೇ ನನ್ನ ಅಳತೆಗೆ ಹಿಡಿಸಿಕೊಂಡಿದ್ದೆ. ಪದಕಗಳ ಪಟ್ಟಿಯ ಪಿನ್ನು ಸಡಿಲವಾಗಿತ್ತು. ಅದಕ್ಕೆ ಸಂಜೆ ಬಿಸಿಲು ಇರುವಾಗಲೇ ಕಿಟಕಿಯ ಹತ್ತಿರ ಕೂತು, ಪಟ್ಟಿಯನ್ನು ದಾರದಿಂದ ಬಲಗಡೆಗೆ ಗಟ್ಟಿಯಾಗಿ ಹೊಲಿದೆ. ಶರಣವ್ವ ಎದುರಿಗೇ ಎಲೆ ಅಡಿಕೆ ಹಾಕುತ್ತ ಕೂತಿದ್ದಳು. ಕೋಟನ್ನು ಗೂಟಕ್ಕೆ ಹಾಕಿ, ಮುಂಬಾಗಿಲ ಚಿಲಕ ಹಾಕಿ, ಇಬ್ಬರೂ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿದೆವು. ತಿರುಗಿ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ.

ಪದಕಗಳು ಎಡಗಡೆ ಇದ್ದವು.

ಮೊದಲು ನನ್ನನ್ನೇ ಬೈದುಕೊಂಡೆ. ಎದುರಿಗೆ ಹಿಡಿದ ಕೋಟಿನ ಎಡ ನಮಗೆ ಬಲವಾಗಿ ಕಾಣುತ್ತದೆ. ಮಕ್ಕಳಿಗೆ ಕನ್ನಡಿ ಹಿಡಿದು ನಾನೇ ಕಲಿಸಿದ ಪಾಠ. ಕೋಟು ತೊಟ್ಟು ನೋಡಿದೆ. ಪದಕಗಳು ನನ್ನ ಎದೆಬಡಿತದ ಮೇಲೇ ಇದ್ದವು. ಬಲಗಡೆ ಬೆರಳಾಡಿಸಿದರೆ ಬಟ್ಟೆಯಲ್ಲಿ ಸೂಜಿಯ ಸಣ್ಣ ತೂತುಗಳು. ಅಂದರೆ ನಾನು ಅಲ್ಲಿಯೇ ಹೊಲಿದದ್ದು ನಿಜ. ಒಳಗಡೆ ತಿರುಗಿಸಿದೆ. ನಾನು ಹೊಲಿಗೆ ಮುಗಿಸಿದರೆ ಗಂಟು ಹಾಕುತ್ತೇನೆ. ನಮ್ಮವರು ಹಾಕುತ್ತಿರಲಿಲ್ಲ. ಸೈನ್ಯದಲ್ಲಿ ತಮ್ಮ ಗುಂಡಿ ತಾವೇ ಹೊಲಿದುಕೊಂಡು ರೂಢಿಯಾದವರು, ದಾರವನ್ನು ಸುತ್ತಿ ಸುತ್ತಿ ಒಳಗೆ ಎಳೆದು ಕತ್ತರಿಸುತ್ತಿದ್ದರು. ಅಲ್ಲಿದ್ದದ್ದು ಅಂಥ ಹೊಲಿಗೆ. ಕೋಟನ್ನು ಶರಣವ್ವನ ಮುಂದೆ ಹಿಡಿದೆ.

“ಯಕ್ಕಾ, ನೀ ಬಲಕ್ಕ ಹೊಲದದ್ದು ನಾ ಕಣ್ಣಾರೆ ನೋಡೀನಿ,” ಅಂದಳು ಶರಣವ್ವ. “ನಮ್ಮೂರ ಅಲ್ಲಮಪ್ರಭುನ ಆಣಿ, ನಾ ಮುಟ್ಟಿಲ್ಲ.”

ಅವಳು ಆಣೆ ಮಾಡಬೇಕಾಗಿರಲಿಲ್ಲ. ಅಷ್ಟು ಹೊತ್ತೂ ನನ್ನ ಪಕ್ಕದಲ್ಲೇ ಹಿಟ್ಟು ನಾದುತ್ತಿದ್ದಳು. ನಾನು ದಾರ ಬಿಚ್ಚಿದೆ, ಮತ್ತೆ ಬಲಕ್ಕೆ ಹೊಲಿದು, ಕೋಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದೆ. ಬೆಳಗಾದ ಮೇಲೆ ತೆಗೆದರೆ ಪದಕಗಳು ಮತ್ತೆ ಎಡಗಡೆ. ಅದೇ ಗಂಟಿಲ್ಲದ ಹೊಲಿಗೆ.

“ಅಣ್ಣ ಬಂದು ಹೋಗ್ಯಾನ,” ಅಂದಳು ಶರಣವ್ವ, ಮೆಲ್ಲಗೆ.

ನನಗೆ ರೇಗಿಹೋಯಿತು. “ಬಂದಿದ್ರ ಎದುರಿಗೆ ನಿಂತು ಹೇಳಲಿ! ಎಡಕ್ಕ ಇದ್ರ ನನಗ ಮೈಕ್ ಸಿಗಂಗಿಲ್ಲ ಅಂತ ಗೊತ್ತಾಗಂಗಿಲ್ಲೇನು ಅವರಿಗೆ?” ಅಂತ ಖಾಲಿ ಕೋಣೆಗೆ ಕೇಳುವಂತೆ ಕೂಗಿದೆ. ಕೂಗಿದ ಮೇಲೆ ಅಳು ಬಂತು. ಭಯದ ಅಳುವಲ್ಲ, ಎಷ್ಟೋ ದಿನಗಳ ಮೇಲೆ ಅವರ ಜೊತೆ ಜಗಳವಾಡಿದ ಹಾಗೆ ಅನ್ನಿಸಿತ್ತು. ಮತ್ತೆ ಬಿಚ್ಚಲು ಕತ್ತರಿ ತೆಗೆದುಕೊಂಡೆ, ಆದರೆ ಕೈ ಏಳಲಿಲ್ಲ. ಹೇಗಿದೆಯೋ ಹಾಗೇ ಹೋಗುತ್ತೇನೆ, ಅದೇನು ಮಾಡುತ್ತಾರೋ ಮಾಡಲಿ ಅಂದುಕೊಂಡು ಕೋಟು ತೊಟ್ಟೆ.

ರಾಯಚೂರಿನ ಸಭಾಭವನದಲ್ಲಿ ವೇದಿಕೆಯ ಮೆಟ್ಟಿಲ ಹತ್ತಿರವೇ ಅಧ್ಯಕ್ಷರು ತಡೆದರು. “ಎಡಕ್ಕ ಹಾಕೀರಿ. ಬಲಕ್ಕ ಹಾಕ್ಕೊಂಡು ಬರ್ರಿ, ಇಲ್ಲಂದ್ರ ಕೆಳಗ ಕೂಡ್ರಿ.”

ಮೂಲೆಯಲ್ಲಿ ಬಾರಿಸುತ್ತಿದ್ದ ಬ್ಯಾಂಡು ನಿಂತಿತು. ಎಲ್ಲರೂ ನೋಡುತ್ತಿದ್ದರು. ತಪ್ಪಾಯಿತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಏನು ಹೇಳಬೇಕೆಂದು ನಾನು ಯೋಚಿಸಿಯೂ ಇರಲಿಲ್ಲ.

“ಗಳಿಸಿದವರ ಜಾಗ ಅಂದ್ರಲ್ರಿ,” ಅಂದೆ. “ಅವರು ಗಡಿಯಾಗ ಇದ್ದಾಗ ಇಲ್ಲಿ ಕೂಸು ಹಡದು, ಮಾವನ್ನ ಮಣ್ಣು ಮಾಡಿ, ಮನಿ ನಡಸಿದಾಕಿ ನಾನು. ನಾ ಗಳಿಸಿಲ್ಲೇನು? ತಗಿಯಂಗಿಲ್ಲ.”

ಹಿಂದಿನ ಸಾಲಿನಲ್ಲಿ ಶರಣವ್ವ ಎದ್ದು ನಿಂತಳು. ಅವಳ ಪಕ್ಕದವಳು ಎದ್ದಳು. ಆಮೇಲೆ ಆ ಸಾಲಿನಲ್ಲಿ ಕೂತೇ ಉಳಿದವರು ಯಾರೂ ಇರಲಿಲ್ಲ. ಹಿರಿಯ ಸುಬೇದಾರರು ಅಧ್ಯಕ್ಷರನ್ನು ದಾಟಿ ಬಂದು ಮೈಕನ್ನು ನನ್ನ ಕೈಗಿಟ್ಟರು. ಆ ವರ್ಷ ಠರಾವು ಬಿದ್ದುಹೋಯಿತು. ಮರುವರ್ಷ ಮತ್ತೆ ಮಂಡಿಸಿದೆ, ಗೆದ್ದೆವು. ಈಗ ನಮಗೆ ಮತವಿದೆ, ಕೂಡಲು ಮುಂದಿನ ಸಾಲೂ ಇದೆ.

ಆದರೆ ಆ ಹೊಲಿಗೆ? ನಿದ್ದೆಗಣ್ಣಿನಲ್ಲಿ ನಾನೇ ಹೊಲಿದೆ ಅನ್ನೋಣವೆಂದರೆ ಮೊದಲ ಸಲ ಆದದ್ದು ಹಾಡಹಗಲಿನಲ್ಲಿ. ನನಗೆ ಇಂದಿಗೂ ತಿಳಿದಿಲ್ಲ. ತಿಳಿಯದ್ದಕ್ಕೆ ದೆವ್ವ ಅಂತ ಹೆಸರಿಡಲು ಈಗಲೂ ನಾನು ತಯಾರಿಲ್ಲ.

ಮತ ಸಿಕ್ಕ ಮೇಲೆ ಬಂದ ಸಮ್ಮೇಳನಕ್ಕೆ, ಪರೀಕ್ಷೆ ಮಾಡೇಬಿಡೋಣವೆಂದು ಪದಕಗಳನ್ನು ಬಿಚ್ಚಿ ಬಲಕ್ಕೆ ಹೊಲಿದು, ಟ್ರಂಕಿಗೆ ಬೀಗ ಹಾಕಿ ಮಲಗಿದೆ. ಬೆಳಿಗ್ಗೆ ಅವು ನಾನು ಹೊಲಿದಲ್ಲಿಯೇ ಇದ್ದವು. ಯಾರೂ ಮುಟ್ಟಿರಲಿಲ್ಲ. ಒಳಗಡೆ ತಿರುಗಿಸಿ ನೋಡಿದರೆ ನನ್ನದೇ ಗಂಟು. ಆಮೇಲೆ ಕತ್ತರಿ ತಂದು ದಾರ ಬಿಚ್ಚಿ, ಪದಕಗಳನ್ನು ಎಡಕ್ಕೆ ನಾನೇ ಹೊಲಿದುಕೊಂಡೆ.