ಶೇಕಡಾ ಮೇಷ್ಟ್ರ ಮಡಚು ಸ್ಟೂಲು

ಕಾಲೇಜಿನಲ್ಲಿ ನೀತಿಶಾಸ್ತ್ರ ಹೇಳಿಕೊಡುವ ಶೇಕಡಾ ಮೇಷ್ಟ್ರು ಆಸ್ಪತ್ರೆಯ ನೀತಿ ಸಮಿತಿಗೆ ಬಂದಮೇಲೆ ತಲೆ ಎಣಿಸದೆ ಅಲ್ಲಿ ಯಾವ ತೀರ್ಮಾನವೂ ಆಗುವ ಹಾಗಿಲ್ಲ. ಇದು ಸರಿಯೋ ತಪ್ಪೋ ಅಂತ ಡಾಕ್ಟರು ಬಾಯಿಬಿಟ್ಟರೆ ಸಾಕು, ಪ್ರಶ್ನೆಹಾಳೆ ಹಿಡಿದು ವಾರ್ಡು ವಾರ್ಡು ಸುತ್ತಿ ಬರುತ್ತಾರೆ. "ನೂರಕ್ಕೆ ಎಪ್ಪತ್ತೆರಡು ಜನ ಹೌದು ಅಂದಿದ್ದಾರೆ" ಎಂದು ಸಾರಿ, ಎಲ್ಲರೂ ಉಸ್ಸಪ್ಪಾ ಎಂದು ಏಳುವಷ್ಟರಲ್ಲಿ, "ಆದ್ರೆ ಹೆಚ್ಚು ಜನ ಅಂದಿದ್ದೇ ಸರಿ ಅನ್ನೋಕಾಗುತ್ತಾ?" ಎಂದು ತಾವೇ ತಕರಾರು ತೆಗೆದು ಮತ್ತೆ ಕೂರಿಸುತ್ತಾರೆ. ಮನೆಯಲ್ಲೂ ಇದೇ ಗೋಳು. ಕಿಟಕಿ ಮುಚ್ಚೋಣವೇ ಎಂದು ಮತ ಕೇಳಿದಾಗ ಹೆಂಡತಿ, "ಇರೋದೇ ಇಬ್ಬರು, ಹೋಗಿ ಗೋಡೆನೂ ಕೇಳಿ" ಅಂದರು. ಇವರು "ಗೋಡೆ: ಉತ್ತರಿಸಿಲ್ಲ" ಎಂದು ಬರೆದುಕೊಂಡರು. ಇದೆಲ್ಲವನ್ನೂ ಮೀರಿದ್ದು ಅವರ ಕಂಕುಳಲ್ಲಿನ ಮಡಚು ಸ್ಟೂಲು. ಲಿಫ್ಟಿನಲ್ಲಿ ಟೈಮೆಷ್ಟು ಅಂತ ಕೇಳುವುದಕ್ಕೂ ಅದನ್ನು ಬಿಡಿಸಿ, ಕೂತೇ ಕೇಳುತ್ತಾರೆ. ಅದರ ಗುಟ್ಟಿರುವುದು ಅವರ ಎದೆಜೇಬಿನ ಹಳೇ ಹಾಳೆಯೊಂದರಲ್ಲಿ. "ಬದುಕೋದಿಲ್ಲ ಅನ್ನೋದನ್ನ ರೋಗಿಗೆ ಹೇಳಬೇಕಾ?" ಎಂದು ಹಿಂದೊಮ್ಮೆ ಮೇಷ್ಟ್ರು ಮಂಚದ ಬಳಿ ನಿಂತೇ ಕೇಳಿ ಕೊಟ್ಟ ಆ ಹಾಳೆಯಲ್ಲಿ, ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರು ಹೌದು, ಇಲ್ಲ ಎರಡನ್ನೂ ಬಿಟ್ಟು, ಕೆಳಗೆ ನಡುಗುವ ಅಕ್ಷರದಲ್ಲಿ ಬರೆದಿದ್ದರು: "ಮೊದಲು ಕೂತ್ಕೊಳ್ಳಪ್ಪ." ಅದನ್ನು ಯಾವ ಶೇಕಡಾಕ್ಕೂ ಸೇರಿಸಲು ಮೇಷ್ಟ್ರಿಗೆ ಆಗಲಿಲ್ಲ, ಮರುದಿನವೇ ಹೋಗಿ ಸ್ಟೂಲು ತಂದರು.