ಮಗುಚಿ ಹೊಲಿದ ನಲವತ್ತು ಚೀಲ

ಬೆಟ್ಟದಪುರದ ಹತ್ತಿರವಿರುವ ನಮ್ಮೂರಿನಲ್ಲಿ ಚಿಪ್ಸು, ಕಾಫಿಪುಡಿ, ಸೋಪಿನಪುಡಿಯ ಖಾಲಿ ಪ್ಯಾಕೆಟ್ಟುಗಳನ್ನು ತೊಳೆದು ಫ್ಯಾಶನ್ ಚೀಲ ಹೊಲಿಸುವ ಕೆಲಸ ಶುರು ಮಾಡಿದವಳು ನಾನೇ. ಮೂವತ್ತು ವರ್ಷ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದ ಮೇಲೂ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಚರಂಡಿಗೆ ಬೀಳುವ ಕಸ ಕಡಿಮೆಯಾಗಲಿ, ನಾಲ್ಕು ಹೆಂಗಸರಿಗೆ ಹೊಗೆಸೊಪ್ಪಿನ ಕೂಲಿ ತಪ್ಪಲಿ ಅಂದುಕೊಂಡಿದ್ದೆ.

ಮೂವರು ಪ್ಯಾಕೆಟ್ ತೊಳೆದು ಕತ್ತರಿಸುತ್ತಿದ್ದರು. ಹೊಲಿಯುತ್ತಿದ್ದವಳು ನಮ್ಮ ಹಿಂದಿನ ಬೀದಿಯ ಹೆಣ್ಣುಮಗಳು. ಹಸಿ ಸೊಪ್ಪು ಕಟ್ಟುವ ಕೆಲಸಕ್ಕೆ ಹೋದಾಗಲೆಲ್ಲ ಅವಳಿಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಹಿಂದಿನ ವರ್ಷ ಸೊಪ್ಪು ಒಣಗಿಸುವ ಬ್ಯಾರನ್ನಿನ ಬಾಗಿಲಲ್ಲೇ ಬಿದ್ದುಬಿಟ್ಟಿದ್ದಳು.

"ಈ ಸಲ ಸೊಪ್ಪಿಗೆ ಓಗದಂಗೆ ಮಾಡ್ಬುಡಿ ಟೀಚರಮ್ಮ, ಅಷ್ಟೇ ಸಾಕು" ಅಂದಿದ್ದಳು.

ಆಗಲಿ ಅಂದೆ. ಎಲುಬಿಲ್ಲದ ನಾಲಿಗೆ, ಅನ್ನುವುದಕ್ಕೇನು!

ಮೈಸೂರಿನ ಒಂದು ಅಂಗಡಿಯವರು ನಲವತ್ತು ಚೀಲ ಕೇಳಿದರು. ಇವು ಒಪ್ಪಿಗೆಯಾದರೆ ವರ್ಷವಿಡೀ ಕೆಲಸ ಕೊಡುತ್ತೇವೆ ಅಂದರು. ಅಷ್ಟರಲ್ಲಿ ಹುಣಸೂರಿನಲ್ಲಿ ನನ್ನಕ್ಕ ಆಸ್ಪತ್ರೆ ಸೇರಿದಳು. ಹೊಲಿಯುವವಳಿಗೆ ಅಳತೆಯ ಕಾಗದ ಕೊಟ್ಟು, ಅಂಗಡಿಯವರು ಕಳಿಸಿದ್ದ ಫೋಟೋವನ್ನು ಅವಳ ಫೋನಿಗೆ ಹಾಕಿ ಅವಸರದಲ್ಲಿ ಹೊರಟೆ. ಫೋಟೋದ ಚೀಲದಲ್ಲಿ ಪ್ಯಾಕೆಟ್ಟಿನ ಚಿತ್ರ, ಹೆಸರು ಎಲ್ಲವೂ ಹೊರಮೈಗೇ ಇದ್ದವು. ಅದರ ಫ್ಯಾಶನ್ನೇ ಅದು.

ಹತ್ತು ದಿನ ಬಿಟ್ಟು ಬಂದರೆ ನಲವತ್ತೂ ಚೀಲ ಪ್ಯಾಕೆಟ್ಟಿನ ಒಳಮೈಯ ಬೆಳ್ಳಿಬಣ್ಣದಲ್ಲಿ ಹೊಳೆಯುತ್ತಾ ಕೂತಿವೆ. ಒಂದಕ್ಷರವೂ ಹೊರಗಿಲ್ಲ.

"ಇದೇನೇ ಹೀಗೆ? ಫೋಟೋ ನೋಡಲಿಲ್ವಾ?"

"ನೋಡ್ದೆ ಕಣ್ರಮ್ಮ. ಅದು ಮಗುಚೋಕ್ ಮುಂಚೆ ತೆಗ್ದಿರೋ ಪಟ ಅಲ್ವಾ? ಚೀಲ ಅಂದ್ರೆ ಒಳಮೈ ಮ್ಯಾಲ್ ಮಾಡಿ ಒಲ್ದು, ಆಮೇಕ್ ಮಗುಚ್ಬೇಕು ಅಂತ ನೀವೇ ಯೋಳ್ಕೊಟ್ಟಿದ್ದು. ಪ್ಯಾಟೆ ಎಂಗಸ್ರು ಕಸ ಕಾಣೋ ಚೀಲ ಇಡ್ಕಂಡ್ ಓಡಾಡ್ತಾರಾ? ಮರ್ವಾದೆ ಬ್ಯಾಡ್ವಾ?"

ಹೌದು, ಹೇಳಿಕೊಟ್ಟವಳು ನಾನೇ. ಅವಳ ಹೊಲಿಗೆ ನೋಡಿದೆ. ಅಷ್ಟು ನೇರವಾಗಿ ನಾನು ಯಾವ ಕಾಲಕ್ಕೂ ಹೊಲಿದವಳಲ್ಲ.

ಒಂದು ಚೀಲವನ್ನು ಮತ್ತೆ ಮಗುಚಿ ನೋಡಿದೆ. ಕತ್ತರಿಸಿದ ಅಂಚುಗಳೆಲ್ಲ ಹೊರಗೆ ಬಂದು ಅಸಹ್ಯವಾಯಿತು. ಹೊಲಿಗೆ ಬಿಚ್ಚಲು ಕೂತೆ. ಬಟ್ಟೆಯಾದರೆ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ, ಪ್ಯಾಕೆಟ್ಟಿನ ಹಾಳೆಯಲ್ಲಿ ಬಿದ್ದ ತೂತು ತೂತೇ. ತೂತಿನ ಸಾಲಿನುದ್ದಕ್ಕೂ ಪರ್ರನೆ ಹರಿಯಿತು. ಮತ್ತೆ ಅಷ್ಟು ಪ್ಯಾಕೆಟ್ ಕೂಡಿಸಲು ತಿಂಗಳುಗಳೇ ಬೇಕು, ಸೊಪ್ಪು ಮುರಿಯುವ ಕಾಲವೋ ಬಂದೇಬಿಟ್ಟಿತ್ತು.

ಅಂಗಡಿಗೆ ಫೋಟೋ ಕಳಿಸಿ, ಫೋನಿನಲ್ಲಿ ಗೋಗರೆದೆ.

"ತುಂಬಾ ನೀಟಾಗಿದೆ ಮೇಡಂ. ಆದ್ರೆ ಇದು ಕಸದಿಂದ ಮಾಡಿದ್ದು ಅಂತ ಗೊತ್ತೇ ಆಗಲ್ವಲ್ಲ, ನಮ್ಗೆ ಬೇಡ" ಅಂದರು ಅಂಗಡಿಯಾಕೆ.

ಅವರು ಹೇಳಿದ್ದೂ ಸರಿಯೇ. ಬೈಯಲು ಯಾರಾದರೂ ಒಬ್ಬರು ಸಿಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. ಯಾರೂ ಸಿಗದೆ ತಲೆಯ ಮೇಲೆ ಕೈಹೊತ್ತು ಕೂತೆ.

ಸಂಜೆ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿನ್ನ ಹೊಲಿಗೆಯಲ್ಲಿ ಕುಂದಿಲ್ಲ, ಅವರಿಗೆ ಕಸವೇ ಎದ್ದು ಕಾಣಬೇಕಂತೆ ಅಂದೆ. ಅವಳು ನಕ್ಕಳು.

"ಬುಡಿ ಟೀಚರಮ್ಮ. ಒಲಿಗೆ ಚೆಂದಾಗಿಲ್ಲ ಅಂದ್ರು ಅನ್ನಿ. ನಂಗ್ ನೋವಾಯ್ತದೆ ಅಂತ ಸುಳ್ ಯಾಕ್ ಯೋಳ್ತೀರಿ?"

ದೇವರಾಣೆ ಅಂದೆ. ಅವಳು ನಂಬಲಿಲ್ಲ.

ಮಾರನೆಯ ಬೆಳಿಗ್ಗೆ ಸೊಪ್ಪಿನ ಕೆಲಸಕ್ಕೆ ಹೆಂಗಸರನ್ನು ತುಂಬಿಕೊಂಡು ಹೊರಟಿದ್ದ ಆಟೋದಲ್ಲಿ ಅವಳೂ ಇದ್ದಳು. ನನ್ನನ್ನು ಕಂಡು ಕೂಗಿ ಹೇಳಿದಳು:

"ಮೈಯಾಗ್ ಉಸಾರಿದ್ರೆ ಸಾಯಂಕಾಲ ಬತ್ತೀನಿ ಟೀಚರಮ್ಮ. ನೆಟ್ಟಗೆ ಒಲಿಯೋದ ಇನ್ನೊಂದ್ ಸಲ ಯೋಳ್ಕೊಡಿ."