ಮಂಚ ಹಿಡಿಸದ ಮನೆ

ಅಂದು ಭಾನುವಾರ, ಬೆಳಿಗ್ಗೆ ಆರೂವರೆ. ನಾನಿನ್ನೂ ನಾಲ್ಕನೆಯ ತರಗತಿಯ ಪುಟ್ಟ ಹುಡುಗ. ಭದ್ರಾವತಿಯ ಕಾಗದನಗರದ ನಮ್ಮ ಮನೆಯಲ್ಲಿ ಇದ್ದವರು ಅಪ್ಪ, ನಾನು ಮತ್ತು ಸಾಮಾನು ಸಾಗಿಸಲು ಬಂದಿದ್ದ ತಳ್ಳುಗಾಡಿಯ ಚಾಚಾ. ಅಷ್ಟೇ.

ನಾನು ಕೂಸಾಗಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು. ತಲೆ ಬಾಚಿ, ಅನ್ನ ಕಲಸಿಕೊಟ್ಟು ನನ್ನನ್ನು ಬೆಳೆಸಿದವಳು ಅಕ್ಕ. ಹಿಂದಿನ ತಿಂಗಳು ಅವಳು ಮದುವೆಯಾಗಿ ಚಿತ್ರದುರ್ಗಕ್ಕೆ ಹೋದಳು. ಮೂರು ಕೋಣೆಗಳಲ್ಲಿ ನಾವಿಬ್ಬರೇ ಉಳಿದೆವು. ಲೋಟ ಕೆಳಗಿಟ್ಟರೂ ಮನೆಯೆಲ್ಲ ಕೇಳುತ್ತಿತ್ತು. ಕಾಗದದ ಕಾರ್ಖಾನೆಯಿಂದ ಬರುವ ಬೇಯಿಸಿದ ಬಿದಿರಿನ ಹುಳಿ ವಾಸನೆ ಮಾತ್ರ ಮೊದಲಿನಂತೆಯೇ ಇತ್ತು. ಹಿಂದಿನ ಬೀದಿಯ ಒಂದು ಕೋಣೆಯ ಮನೆಯಲ್ಲಿ ದೊಡ್ಡ ಸಂಸಾರವೊಂದು ಇಕ್ಕಟ್ಟಿನಲ್ಲಿತ್ತು. ಮನೆಗಳೆಲ್ಲ ಕಾರ್ಖಾನೆಯವೇ; ಅಪ್ಪ ಅದರ ಕಚೇರಿಗೆ ತಿಳಿಸಿ ಅವರೊಂದಿಗೆ ಮನೆ ಅದಲುಬದಲು ಮಾಡಿಕೊಂಡರು.

ಅಪ್ಪ ಆ ಕಾರ್ಖಾನೆಯ ಫಿಟ್ಟರ್. ಯಂತ್ರ ಕೂರಿಸುವ ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ ಅದರ ಜಾಗ ಗುರುತು ಮಾಡುವುದು ಅವರ ಪದ್ಧತಿ. ಹಿಂದಿನ ಬೀದಿಯ ಆ ಮನೆಯವರು ನಸುಕಿನಲ್ಲೇ ತಮ್ಮ ಸಾಮಾನನ್ನು ಜಗಲಿಗೆ ತಂದಿಟ್ಟಿದ್ದರು. ಅಪ್ಪ ಆಗಲೇ ಹೋಗಿ ಖಾಲಿ ನೆಲದ ಮೇಲೆ ಗೆರೆ ಎಳೆದು ಬಂದಿದ್ದರು. ಗೆರೆಯೊಳಗೆ ಬಾರದ್ದು ಇಲ್ಲೇ ಉಳಿಯಬೇಕು. ಮೇಜು ಉಳಿಯಿತು, ಬೆಂಚು ಉಳಿಯಿತು. ಅಕ್ಕನ ಮಂಚವೂ ಉಳಿಯುತ್ತದೆ ಎಂದಾಗ ನಾನು ಹೋಗಿ ಅದರ ಮೇಲೆ ಕುಳಿತುಬಿಟ್ಟೆ. ಮಂಚವಿಲ್ಲದಿದ್ದರೆ ಅಕ್ಕನಿಗೆ ಜಾಗವಿಲ್ಲ, ಜಾಗವಿಲ್ಲದಿದ್ದರೆ ಅವಳು ಇನ್ನು ಬರುವುದೇ ಇಲ್ಲ ಎಂದು ನನ್ನ ಹೆದರಿಕೆ.

"ಏಳೋ ಬೇಟಾ, ಇಲ್ಲೇ ಕೂತಿದ್ರೆ ಹೊಸಬ್ರು ನಿನ್ನನ್ನೂ ಸಾಮಾನು ಅಂತ ಇಟ್ಕೊಂಡ್ಬಿಡ್ತಾರೆ!" ಎಂದರು ಚಾಚಾ.

"ಇದೊಂದು ತಗೊಂಡು ಹೋಗೋಣಪ್ಪ."

"ಹಿಡಿಸಲ್ಲ. ಅಳತೆ ನೋಡೇ ಬಂದಿದ್ದೀನಿ. ಆ ಮನೆ ಅಜ್ಜಿಗೆ ಮಂಡಿ ನೋವು, ಅವರಿಗಿರಲಿ," ಎಂದರು ಅಪ್ಪ.

ಒಂದು ಟ್ರಂಕು, ಸೀಮೆಎಣ್ಣೆ ಸ್ಟೌವು, ಪಾತ್ರೆಗಳು, ಚಾಪೆಗಳು. ಒಂದೇ ಸಲಕ್ಕೆ ಎಲ್ಲವೂ ಮುಗಿಯಿತು.

"ಇಷ್ಟೇನಾ ಸಾರ್? ನನ್ನ ಗಾಡಿಗೇ ನಾಚ್ಕೆ ಆಗ್ತದೆ," ಎಂದು ಚಾಚಾ ನಕ್ಕರು. ನಾವು ನಗಲಿಲ್ಲ.

ಹೊಸ ಕೋಣೆಯಲ್ಲಿ ಇನ್ನೂ ಬೇರೆಯವರ ಒಗ್ಗರಣೆಯ ವಾಸನೆಯಿತ್ತು. ಕೆಂಪು ನೆಲದ ಮೇಲೆ ಬಿಳಿ ಗೆರೆಗಳು. ಮೂಲೆಯಲ್ಲಿ ಸ್ಟೌವಿಗೆ, ಗೋಡೆಗೆ ಒತ್ತಿ ಟ್ರಂಕಿಗೆ, ಬಾಗಿಲ ಬಳಿ ನಮ್ಮಿಬ್ಬರ ಚಾಪೆಗಳಿಗೆ. ಆದರೆ ಕಿಟಕಿಯ ಕೆಳಗೆ, ಗಾಳಿ ಚೆನ್ನಾಗಿ ಬರುವ ಕಡೆ, ಎಲ್ಲಕ್ಕಿಂತ ದೊಡ್ಡದೊಂದು ಚೌಕ. ಅದರಲ್ಲಿ ಇಡಲು ಏನೂ ಇರಲಿಲ್ಲ.

"ಇಲ್ಲಿ ಮಂಚ ಹಿಡಿಸ್ತಿತ್ತು! ನೀವು ಸುಳ್ಳು ಹೇಳಿದ್ರಿ!" ಎಂದು ಕೂಗಿದೆ.

ಅಪ್ಪ ಸ್ಟೌವಿಗೆ ಎಣ್ಣೆ ಹಾಕುತ್ತಿದ್ದರು. "ಮಂಚ ಹಿಡಿಸುತ್ತೆ. ಮಂಚದ ಮೇಲೆ ಅಕ್ಕ ಒಬ್ಬಳೇ ತಾನೇ ಹಿಡಿಸೋದು? ನಿಮ್ಮ ಭಾವ ಎಲ್ಲಿ ಮಲಗ್ಬೇಕು? ನಾಳೆ ಒಂದು ಕೂಸಾದ್ರೆ?"

ಅಕ್ಕ ಇನ್ನು ಒಬ್ಬಳೇ ಬರುವುದಿಲ್ಲ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಜಾಗವಿದೆ ಎಂದು ತಿಳಿದ ಮೇಲೂ ಅಳು ಬಂತು.

ಮೊಮ್ಮಕ್ಕಳೇ, ಶಿವಮೊಗ್ಗದ ನಿಮ್ಮ ಮನೆಯಲ್ಲಿ ನಿಮಗೆ ಒಬ್ಬೊಬ್ಬರಿಗೂ ಒಂದು ಕೋಣೆ. ಬಂದವರಿಗೆಂದು ಇನ್ನೊಂದು ಕೋಣೆ. ಅದರ ತುಂಬ ಟಿವಿ, ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆಗಳು. ಊಟಕ್ಕೆ ಕರೆಯಲು ನಿಮ್ಮಮ್ಮ ಫೋನ್ ಮಾಡುತ್ತಾಳೆ. ನಮ್ಮ ಕೋಣೆಯಲ್ಲಿ ಅಪ್ಪ ಮಗ್ಗುಲು ಬದಲಿಸಿದರೂ ನನಗೆ ತಿಳಿಯುತ್ತಿತ್ತು. ಬರುವವರ ಜಾಗವನ್ನು ಮೊದಲು ಬಿಟ್ಟು, ಉಳಿದದ್ದರಲ್ಲಿ ನಾವಿದ್ದೆವು. ಅಕ್ಕ ಬರುತ್ತಿದ್ದದ್ದು ಯಾವಾಗಲೋ ಒಮ್ಮೆ. ಉಳಿದ ದಿನಗಳಲ್ಲಿ ಆ ಚೌಕವನ್ನು ತುಳಿಯದೆ, ಸುತ್ತಿಕೊಂಡೇ ಓಡಾಡುತ್ತಿದ್ದೆವು.

ಸಾಮಾನು ಸಾಗಿಸಿದ ಆ ದಿನವೇ ಸಂಜೆ ಅಪ್ಪ ನನ್ನ ಕೈಗೆ ಒದ್ದೆ ಬಟ್ಟೆ ಕೊಟ್ಟರು. "ಗೆರೆ ಒರೆಸು. ಅಲ್ಲಿಗೆ ಕೆಲಸ ಮುಗೀತು."

ಸ್ಟೌವಿನ ಗೆರೆ ಒರೆಸಿದೆ, ಟ್ರಂಕಿನದು ಒರೆಸಿದೆ, ಚಾಪೆಗಳದ್ದೂ ಒರೆಸಿದೆ. ಕಿಟಕಿಯ ಕೆಳಗೆ ಬಂದು ಬಟ್ಟೆ ಹಿಡಿದುಕೊಂಡೇ ಕುಳಿತೆ.

"ಅದನ್ನೂ ಒರೆಸು ಮಾರಾಯ," ಎಂದರು ಅಪ್ಪ, ಕಿಟಕಿಯಾಚೆ ನೋಡುತ್ತ. "ಯಾರ ಜಾಗ ಅಂತ ನಮಗೆ ಗೊತ್ತಲ್ಲ."

ಒರೆಸಿದೆ. ಬಟ್ಟೆ ಹಿಂಡಿ, ಹಿತ್ತಲ ತಂತಿಯ ಮೇಲೆ ಹರವಿದೆ.